ಮಲೆಬೆನ್ನೂರಿಂದ ಹೊಸ ಮನೆಗೆ: ನಾಯಿ ಸಾಗಿಸುವವರ ಪಾಠಗಳು

ಮಲೆಬೆನ್ನೂರಲ್ಲಿ ಕಾಲು ಮುರಿದ ನಾಯಿಗೆ ಅನ್ನ ಹಾಕುವವರು ಸಿಗುತ್ತಾರೆ, ಮನೆಯೊಳಗೆ ಬಿಟ್ಟುಕೊಳ್ಳುವವರು ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ಅಂಥ ನಾಯಿಯೇ ಬೇಕು ಅಂತ ಹುಡುಕಿಕೊಂಡು ಬರುವ ಮನೆಗಳಿವೆ. ನಡುವೆ ಇರುವುದು ಹತ್ತಿರ ಹತ್ತಿರ 300 ಕಿಲೋಮೀಟರ್ ದಾರಿ. ಹರಿಹರ, ದಾವಣಗೆರೆ, ಮಲೆಬೆನ್ನೂರಿನ ನಾವು ಕೆಲವರು ವರ್ಷಗಳಿಂದ ಈ ದಾರಿಯಲ್ಲಿ ನಾಯಿಗಳನ್ನು ಕೂರಿಸಿಕೊಂಡು ಹೋಗಿ ಮುಟ್ಟಿಸುತ್ತಿದ್ದೇವೆ. ನಮ್ಮದು ಸಂಘವಲ್ಲ, ಬೋರ್ಡೂ ಇಲ್ಲ. ಭತ್ತದ ವ್ಯಾಪಾರದವರು, ಮೇಷ್ಟ್ರು, ಕಾಲೇಜಿನ ಹುಡುಗರು, ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬರುವ ಕಂಪನಿ ಕೆಲಸದವರು ಇದ್ದೇವೆ.

ಅಮೆರಿಕದಲ್ಲಿ ಇದೇ ಕೆಲಸವನ್ನು ವಿಮಾನದಲ್ಲಿ ಮಾಡುವವರಿದ್ದಾರೆ. 2008ರಲ್ಲಿ ಡೆಬಿ ಬೋಯಿಸ್ ಎಂಬ ಮಹಿಳೆ ಫ್ಲಾರಿಡಾದಿಂದ ಒಂದು ಡೋಬರ್‌ಮನ್ ನಾಯಿಯನ್ನು ತರಿಸಿಕೊಳ್ಳಬೇಕಿತ್ತು. ಜಾನ್ ವೆರೆನ್‌ಬರ್ಗ್ ಎಂಬ ಪೈಲಟ್ ತನ್ನ ಸ್ವಂತ ವಿಮಾನದಲ್ಲಿ ತಂದುಕೊಟ್ಟರು. ಇಬ್ಬರೂ ಸೇರಿ ‘ಪೈಲಟ್ಸ್ ಎನ್ ಪಾಸ್’ ಕಟ್ಟಿದರು. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ನಾಯಿಗಳ ಆಶ್ರಯಧಾಮಗಳು ತುಂಬಿ ತುಳುಕುತ್ತವೆ, ಉತ್ತರದ ಕಡೆ ಮನೆಗಳು ಕಾಯುತ್ತಿರುತ್ತವೆ. ಹವ್ಯಾಸಕ್ಕೆ ವಿಮಾನ ಓಡಿಸುವವರು ರಜಾ ದಿನ ತಮ್ಮ ದುಡ್ಡಿನಲ್ಲೇ ಇಂಧನ ತುಂಬಿಸಿ, ನಾಯಿಗಳನ್ನು ಹತ್ತಿಸಿಕೊಂಡು ಹಾರುತ್ತಾರೆ.

ನಮ್ಮಲ್ಲಿ ಹಾಗೆ ಸ್ವಂತ ವಿಮಾನ ಇಟ್ಟುಕೊಂಡವರಿಲ್ಲ. ದಾವಣಗೆರೆಗೆ ವಿಮಾನ ನಿಲ್ದಾಣವೂ ಇಲ್ಲ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ನಿಲ್ದಾಣ ಉದ್ಘಾಟನೆಯಾಗಿ ಆಗಸ್ಟ್ 31ರಿಂದ ಇಂಡಿಗೋ ಹಾರಾಟ ಶುರುವಾದಾಗ ನಮಗೆಲ್ಲ ಆಸೆ ಹುಟ್ಟಿತ್ತು. ಆದರೆ ಇಂಡಿಗೋ ಸಾಕುಪ್ರಾಣಿಗಳನ್ನು ಹತ್ತಿಸಿಕೊಳ್ಳುವುದಿಲ್ಲ. 2022ರ ನವೆಂಬರಿನಿಂದ ಸಣ್ಣ ನಾಯಿ, ಬೆಕ್ಕುಗಳನ್ನು ಕ್ಯಾಬಿನ್ನಿನಲ್ಲೇ ಒಯ್ಯಲು ಬಿಡುತ್ತಿರುವ ಆಕಾಸ ಏರ್ ಬೇಕಾದರೆ ಮೊದಲು ಬೆಂಗಳೂರು ಮುಟ್ಟಬೇಕು. ಹಾಗಾಗಿ ನಮಗುಳಿದದ್ದು ಕಾರು, ರೈಲು, ಮತ್ತು ಹೆದ್ದಾರಿಯುದ್ದಕ್ಕೂ ಇರುವ ಗೆಳೆಯರು. ಪೈಲಟ್ ಆಗಲಿ ಕಾರಿನವರಾಗಲಿ, ಕಲಿಯಬೇಕಾದದ್ದು ಹೆಚ್ಚೂಕಡಿಮೆ ಒಂದೇ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದನ್ನು ಇಲ್ಲಿ ಬರೆದಿದ್ದೇನೆ.

1. ಎಲ್ಲ ನಾಯಿಗೂ ಊರು ಬಿಡಿಸಬೇಕಿಲ್ಲ

ಇದು ಮೊದಲನೆಯದು, ದೊಡ್ಡದು ಕೂಡ. ನಮಗೆ ಬರುವ ಫೋನುಗಳಲ್ಲಿ ಬಹುಪಾಲು ಒಂದೇ ಮಾತು: “ನಮ್ಮ ಓಣಿಯಾಗೆ ನಾಯಿ ಕಾಟ ಜಾಸ್ತಿ ಆಗ್ಯಾವ್ರೀ, ಬಂದು ತಗೊಂಡು ಹೋಗ್ರಿ.” ನಾವು ಹೋಗುವುದಿಲ್ಲ. ಓಣಿಯಲ್ಲಿ ಹುಟ್ಟಿ, ಅಲ್ಲಿನವರ ಕೈಯಲ್ಲಿ ತಿಂದು, ಯಾರು ನಮ್ಮವರು ಯಾರು ಹೊರಗಿನವರು ಅಂತ ತಿಳಿದ ನಾಯಿಗೆ ಆ ಓಣಿಯೇ ಮನೆ. ಅದನ್ನು ಎತ್ತಿ ಬೇರೆ ಊರಿನ ಸರಹದ್ದಿನಲ್ಲಿ ಇಳಿಸಿದರೆ ಅಲ್ಲಿನ ನಾಯಿಗಳು ಅದನ್ನು ಹರಿದು ಹಾಕುತ್ತವೆ. ಇತ್ತ ಖಾಲಿಯಾದ ಓಣಿಗೆ ಆಪರೇಷನ್ ಆಗದ, ಚುಚ್ಚುಮದ್ದು ಕಾಣದ ಹೊಸ ನಾಯಿಗಳು ಬರುತ್ತವೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಅದನ್ನೇ ಹೇಳುತ್ತವೆ: ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ನಿಲ್ದಾಣಗಳಂಥ ಜಾಗದ ನಾಯಿಗಳ ವಿಷಯದಲ್ಲಿ ಬೇರೆ ಮಾತು ಹೇಳಿತು: ಅವನ್ನು ಆಶ್ರಯಧಾಮಕ್ಕೆ ಸೇರಿಸಬೇಕು, ಹಿಡಿದಲ್ಲೇ ಬಿಡಬಾರದು. ಆ ಆದೇಶದ ನಂತರ ನಮ್ಮಂಥವರ ಮೇಲೆ ಒತ್ತಡ ಜಾಸ್ತಿಯಾಗಿದೆ. ಆದರೂ ನಿಲ್ದಾಣದಲ್ಲಿದ್ದ ನಾಯಿಯನ್ನು ರಾತ್ರೋರಾತ್ರಿ ಕಾಲುವೆ ಏರಿ ಮೇಲೆ ಬಿಟ್ಟುಬರುವುದು ಯಾವ ಆದೇಶದಲ್ಲೂ ಇಲ್ಲ. ಅಂಥ ಕೆಲಸಕ್ಕೆ ನಮ್ಮ ಗಾಡಿ ಬರುವುದಿಲ್ಲ.

ಹಾಗಾದರೆ ಯಾವುದನ್ನು ಸಾಗಿಸಬೇಕು? ಸಾಕಿ ಬಿಟ್ಟ ಜಾತಿ ನಾಯಿಗಳನ್ನು. ಪಮೇರಿಯನ್, ಲ್ಯಾಬ್ರಡಾರ್‌ಗಳು ಬೀದಿಯಲ್ಲಿ ಹೆಚ್ಚು ದಿನ ಬದುಕುವುದಿಲ್ಲ. ತಾಯಿ ಸತ್ತ ಮರಿಗಳನ್ನು. ಕಣ್ಣು ಹೋದದ್ದು, ಕಾಲು ಹೋದದ್ದನ್ನು. ನಮ್ಮ ಕಡೆ ಭದ್ರಾ ನಾಲೆಯ ನೀರಿಗೆ ವರ್ಷಕ್ಕೆರಡು ಬೆಳೆ ಭತ್ತ ಬರುತ್ತದೆ, ಸುಗ್ಗಿ ಬಂತೆಂದರೆ ಕಟಾವು ಯಂತ್ರ, ಟ್ರ್ಯಾಕ್ಟರುಗಳ ಓಡಾಟ. ಗದ್ದೆಯ ನೆರಳಿನಲ್ಲಿ ಮಲಗಿದ ನಾಯಿಗಳ ಕಾಲು ಹೋಗುವುದು ಆಗಲೇ. ರೈಸ್ ಮಿಲ್‌ಗಳ ಹಿಂದಿನ ಹೊಟ್ಟಿನ ರಾಶಿಯಲ್ಲಿ ಬೆಚ್ಚಗಿರುತ್ತದೆ ಅಂತ ಮರಿ ಹಾಕುತ್ತವೆ. ಲಾರಿ ಬಂದು ಹೊಟ್ಟು ತುಂಬುವ ದಿನ ಮರಿಗಳು ಮಾತ್ರ ಉಳಿದ ಸಂದರ್ಭಗಳಿವೆ. ಮೇಲೆ ಹೇಳಿದ ನಾಯಿಗಳಿಗಾಗಿಯೇ ನಮ್ಮ ದಾರಿ ಇರುವುದು.

2. ನಾಯಿಗೆ ಜಾಗವಲ್ಲ, ಮನುಷ್ಯರು ಬೇಕು

“ನಮ್ಮದು ಫಾರಂ ಹೌಸ್ ಇದೆ, ಐದು ಎಕರೆ, ಎಷ್ಟು ನಾಯಿ ಬೇಕಾದರೂ ಕಳಿಸಿ” ಅನ್ನುವವರಿಗಿಂತ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದು ನೂರು ಪ್ರಶ್ನೆ ಕೇಳುವವರಲ್ಲಿ ನನಗೆ ಹೆಚ್ಚು ನಂಬಿಕೆ. ತೋಟದಲ್ಲಿ ನಾಯಿ ಕಟ್ಟಿಹಾಕಿ, ವಾರಕ್ಕೊಮ್ಮೆ ಮಾಲೀಕರು ಬಂದು ನೋಡುವ ಬದುಕಿಗೆ ಇಲ್ಲಿಂದ ಅಷ್ಟು ದೂರ ಯಾಕೆ ಹೋಗಬೇಕು?

ಫೋಟೋ ನೋಡಿ ಕಣ್ಣು ತುಂಬಿಸಿಕೊಂಡು ಅವತ್ತೇ ಬೇಕು ಅನ್ನುವವರಿಗೆ ಒಂದು ವಾರ ಕಾಯಿರಿ ಅನ್ನುತ್ತೇವೆ. ಆ ವಾರದಲ್ಲಿ ಮನೆಯ ಎಲ್ಲರ ಜೊತೆ ವಿಡಿಯೋದಲ್ಲಿ ಮಾತಾಡುತ್ತೇವೆ, ಮುಖ್ಯವಾಗಿ ಮಾತು ಕಡಿಮೆ ಆಡುವವರ ಜೊತೆ. ಅಜ್ಜಿಗೆ ನಾಯಿ ಇಷ್ಟವಿಲ್ಲ, ಮಗಳಿಗೆ ಬೇಕು ಅಂದರೆ ಹಗಲಿಡೀ ನಾಯಿಯ ಜೊತೆ ಇರಬೇಕಾದವರು ಅಜ್ಜಿಯೇ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಕೇಳುತ್ತೇವೆ. ಕೆಲಸ ಬದಲಾದರೆ, ಮಗು ಹುಟ್ಟಿದರೆ ನಾಯಿಯ ಗತಿ ಏನು ಅಂತ ಬಾಯಿಬಿಟ್ಟು ಕೇಳುತ್ತೇವೆ. ಕೆಲವರಿಗೆ ಬೇಜಾರಾಗುತ್ತದೆ. ಆಗಲಿ.

ಮುಧೋಳ ನಾಯಿ ಕೇಳುವವರು ಈಚೆಗೆ ಬಹಳ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಸೇನೆ ಸೇರಿದ ನಾಯಿ ಅಂತ ಅಭಿಮಾನ. ಆದರೆ ಅದು ಬಯಲಿನಲ್ಲಿ ಮೊಲದ ಹಿಂದೆ ಓಡಲು ಹುಟ್ಟಿದ ಮೈ. ಎಂಟನೇ ಮಹಡಿಯ ಫ್ಲ್ಯಾಟಿಗೆ, ದಿನಕ್ಕೆ ಹತ್ತು ನಿಮಿಷ ಹೊರಗೆ ಕರೆದೊಯ್ಯುವವರಿಗೆ ನಾವು ಕೊಡುವುದಿಲ್ಲ.

3. ಮರಿಗಳನ್ನು ಎರಡು ವಾರ ಕಾಯಿಸಿ

ರಸ್ತೆಯಿಂದ ಎತ್ತಿದ ಮರಿ ಅವತ್ತು ಕುಣಿದಾಡುತ್ತಿರಬಹುದು. ಪಾರ್ವೊ ಮೈಗೆ ಸೇರಿದ ಮೇಲೆ ವಾಂತಿ ಭೇದಿ ಕಾಣಿಸಿಕೊಳ್ಳಲು ಹಲವು ದಿನ ಬೇಕು. ಅಷ್ಟರಲ್ಲಿ ಮರಿಯನ್ನು ಬೆಂಗಳೂರಿಗೆ ಕಳಿಸಿದ್ದರೆ, ಆ ಮನೆಯಲ್ಲಿ ಮೊದಲೇ ಇರುವ ನಾಯಿಗೂ ಗಾಡಿಯಲ್ಲಿದ್ದ ಬೇರೆ ಮರಿಗಳಿಗೂ ರೋಗ ಹಂಚಿದಂತೆ. ಪಾರ್ವೊ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಮಾಮೂಲಿ ಫಿನಾಯಿಲಿಗೆ ಬಗ್ಗುವುದಿಲ್ಲ. ಬ್ಲೀಚಿಂಗ್ ದ್ರಾವಣದಲ್ಲೇ ತೊಳೆಯಬೇಕು. ಮರಿಗಳಿಗೆ ಆರರಿಂದ ಎಂಟನೇ ವಾರದಲ್ಲಿ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಮುಂದಿನವು, ಮೂರು ತಿಂಗಳಿಗೆ ರೇಬೀಸ್ ಲಸಿಕೆ.

ದೊಡ್ಡ ನಾಯಿಗಳಿಗೆ ಉಣ್ಣೆ ಜ್ವರದ ರಕ್ತ ಪರೀಕ್ಷೆ ಮಾಡಿಸಿ. ನಮ್ಮ ಕಡೆ ದನದ ಕೊಟ್ಟಿಗೆಯ ಪಕ್ಕ ಮಲಗುವ ನಾಯಿಗಳ ಕಿವಿ ತುಂಬ ಉಣ್ಣೆ. ಹರಿಹರ, ದಾವಣಗೆರೆಯ ಪಶು ಆಸ್ಪತ್ರೆಯಲ್ಲಿ ಆಗದ ಶಸ್ತ್ರಚಿಕಿತ್ಸೆಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯುತ್ತೇವೆ. ಹೊನ್ನಾಳಿ ಮೇಲೆ ಹೋದರೆ ನಮಗದು ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ಈ ಎರಡು ವಾರ ನಾಯಿಯನ್ನು ಇಟ್ಟುಕೊಳ್ಳುವ ಮನೆಗಳೇ ನಮ್ಮ ನಿಜವಾದ ಕೊರತೆ. ಗಾಡಿ ಓಡಿಸಲು ಹತ್ತು ಜನ ಮುಂದೆ ಬರುತ್ತಾರೆ. ಭೇದಿ ಮಾಡುವ ಮರಿಯನ್ನು ಹಿತ್ತಲಲ್ಲಿ ಇಟ್ಟುಕೊಂಡು ರಾತ್ರಿ ಎದ್ದು ನೋಡುವವರು ಒಬ್ಬಿಬ್ಬರು.

4. ಕಾಗದ ಕೈಯಲ್ಲಿರಲಿ

1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ನಾಯಿ, ಬೆಕ್ಕನ್ನು ಯಾವ ವಾಹನದಲ್ಲಿ ಸಾಗಿಸಿದರೂ ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಬೇಕು: ಪ್ರಯಾಣಕ್ಕೆ ಯೋಗ್ಯ, ಸೋಂಕು ರೋಗದ ಲಕ್ಷಣವಿಲ್ಲ ಅಂತ. ದಿನ ತುಂಬಿದ ಗಬ್ಬದ ನಾಯಿಯನ್ನು ಸಾಗಿಸುವಂತಿಲ್ಲ. ನಾಯಿ ಬೆಕ್ಕು ಒಂದೇ ಪೆಟ್ಟಿಗೆಯಲ್ಲಿ ಕೂಡದು. ಪ್ರಮಾಣಪತ್ರ, ಲಸಿಕೆ ಪುಸ್ತಕ, ದತ್ತು ಪತ್ರ, ಮೂರರ ಪ್ರತಿ ಗಾಡಿಯಲ್ಲಿ, ಇನ್ನೊಂದು ಪ್ರತಿ ಫೋನಿನಲ್ಲಿ.

ರೈಲಿನಲ್ಲಿ ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಬೇಕೆಂದರೆ ಫಸ್ಟ್ ಏಸಿಯಲ್ಲಿ ಪೂರ್ತಿ ಕೂಪೆ ನಮ್ಮದಾಗಿರಬೇಕು. ಇಲ್ಲದಿದ್ದರೆ ಗಾರ್ಡ್ ಬೋಗಿಯ ನಾಯಿ ಪೆಟ್ಟಿಗೆ. ಹರಿಹರದಲ್ಲಿ ರೈಲು ನಿಲ್ಲುವ ಎರಡು ನಿಮಿಷದಲ್ಲಿ ಹೆದರಿದ ನಾಯಿಯನ್ನು ಕತ್ತಲ ಕಬ್ಬಿಣದ ಪೆಟ್ಟಿಗೆಗೆ ನೂಕುವುದನ್ನು ನಾನು ಒಪ್ಪುವುದಿಲ್ಲ. ಬಸ್ಸಿನ ಮಾತಂತೂ ಆಯಾ ಬಸ್ಸು, ಆಯಾ ನಿಯಮ. 2024ರ ಮಾರ್ಚಿನಲ್ಲಿ ಬೆಂಗಳೂರಿಂದ ಮೈಸೂರಿಗೆ ಹೊರಟ ಅಜ್ಜಿ ಮೊಮ್ಮಗಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ಅವರ ಪಂಜರದಲ್ಲಿದ್ದ ನಾಲ್ಕು ಲವ್ ಬರ್ಡ್ಸ್‌ಗೆ 444 ರೂಪಾಯಿ ಟಿಕೆಟ್ ಅಂತ ಪೇಪರಿನಲ್ಲಿ ಬಂದಿತ್ತು. ಹೊರಡುವ ಮೊದಲೇ ಡಿಪೋದಲ್ಲಿ ವಿಚಾರಿಸಿಕೊಳ್ಳಿ.

5. ಪಂಜರ ಮೊದಲು ಮಲಗುವ ಜಾಗವಾಗಲಿ, ಆಮೇಲೆ ಗಾಡಿ

2025ರ ಜುಲೈ 24ರಂದು ಬನ್ನೇರುಘಟ್ಟದಿಂದ ನಾಲ್ಕು ಆನೆಗಳು, ಸುರೇಶ್, ಗೌರಿ, ಶ್ರುತಿ, ತುಳಸಿ, ಜಪಾನಿನ ಹಿಮೆಜಿ ಸಫಾರಿ ಪಾರ್ಕಿಗೆ ವಿಮಾನದಲ್ಲಿ ಹೋದವು. ಪ್ರಾಣಿ ವಿನಿಮಯದ ಒಪ್ಪಂದ ಅದು, ಸರಕು ವಿಮಾನದಲ್ಲಿ ಒಸಾಕದ ಕನ್ಸಾಯ್ ನಿಲ್ದಾಣಕ್ಕೆ. ಅವು ಹೋಗಬೇಕಿತ್ತೇ ಅನ್ನುವುದು ಬೇರೆ ಚರ್ಚೆ, ನನಗೂ ಅದರಲ್ಲಿ ನೋವಿದೆ. ಆದರೆ ಬನ್ನೇರುಘಟ್ಟದ ಮಾವುತರು ಮಾಡಿದ ತಯಾರಿ ನಾವೆಲ್ಲ ಕಲಿಯುವಂಥದ್ದು. ಹೊರಡುವ ಮೊದಲು ಸುಮಾರು ಆರು ತಿಂಗಳು ಆ ಆನೆಗಳಿಗೆ ಪೆಟ್ಟಿಗೆಯೊಳಗೆ ಹೋಗಿ ನಿಲ್ಲುವುದನ್ನು ರೂಢಿ ಮಾಡಿಸಿದ್ದರು.

ನಾಯಿಗೆ ಆರು ತಿಂಗಳು ಬೇಡ, ಎರಡು ವಾರ ಸಾಕು. ಪಂಜರದ ಬಾಗಿಲು ತೆಗೆದಿಟ್ಟು ಒಳಗೆ ಹಳೇ ಕಂಬಳಿ ಹಾಸಿ. ಊಟದ ತಟ್ಟೆ ಮೊದಲ ದಿನ ಬಾಗಿಲ ಹೊರಗೆ, ಮರುದಿನ ಹೊಸ್ತಿಲ ಮೇಲೆ, ಆಮೇಲೆ ಒಳಗೆ. ತಾನಾಗಿ ಒಳಗೆ ಹೋಗಿ ಮಲಗುವ ದಿನ ಬರುತ್ತದೆ. ಆಗ ಬಾಗಿಲು ಹಾಕಿ, ಒಂದು ನಿಮಿಷಕ್ಕೆ ತೆಗೆಯಿರಿ. ಕೊನೆಗೆ ಪಂಜರ ಸಮೇತ ಗಾಡಿಯಲ್ಲಿ ಕೂರಿಸಿ ಹರಿಹರದ ತನಕ ಹೋಗಿ ಬನ್ನಿ. ಹೊರಡುವ ದಿನ ನಾಲ್ಕು ಜನ ಹಿಡಿದು ನೂಕಿದ ನಾಯಿಯ ನಡುಕ ತುಮಕೂರು ದಾಟಿದರೂ ನಿಲ್ಲುವುದಿಲ್ಲ. ಪಂಜರ ತನ್ನದು ಅಂದುಕೊಂಡ ನಾಯಿ ದಾವಣಗೆರೆ ಹತ್ತಿರದ ಹೆಬ್ಬಾಳು ಟೋಲ್ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತದೆ. ಆ ಹಾಸಿದ ಕಂಬಳಿಯನ್ನು ತೊಳೆಯದೆ ಹೊಸ ಮನೆಗೂ ಕೊಟ್ಟುಬಿಡಿ. ಅಲ್ಲಿ ಅದಕ್ಕೆ ಪರಿಚಯದ ವಾಸನೆ ಇರುವುದು ಅದೊಂದರಲ್ಲೇ.

ನಿದ್ದೆ ಮಾತ್ರೆ ಹಾಕಿ ಅನ್ನುವವರ ಮಾತು ಕೇಳಬೇಡಿ. ವೈದ್ಯರು ನೋಡಿ ಬರೆದುಕೊಡದ ಹೊರತು ಬೇಡವೇ ಬೇಡ. ಮೈ ಮಂಕಾದ ನಾಯಿಗೆ ವಾಂತಿಯಾದರೆ ಉಸಿರಿನ ದಾರಿಗೆ ಹೋಗುತ್ತದೆ, ಮೈಯ ಬಿಸಿಯನ್ನೂ ಅದು ಸರಿಯಾಗಿ ಹಿಡಿತದಲ್ಲಿಡಲಾರದು.

6. ಬಿಸಿಲು

ಮಾರ್ಚಿನಿಂದ ಮೇ ತನಕ ನಾವು ಹೊರಡುವುದು ಬೆಳಗಿನ ಜಾವ ಮೂರಕ್ಕೆ. ಸೂರ್ಯ ಮೇಲೇರುವಷ್ಟರಲ್ಲಿ ಚಿತ್ರದುರ್ಗ, ಹಿರಿಯೂರು, ಶಿರಾದ ಬಯಲು ದಾಟಿರಬೇಕು. ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ, ಉಳಿದ ಬಿಸಿಯನ್ನೆಲ್ಲ ತೇಕಿ ತೇಕಿಯೇ ಹೊರಹಾಕಬೇಕು. ನಿಲ್ಲಿಸಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಕಾಫಿಗೆ ಇಳಿದರೂ ಒಬ್ಬರು ಗಾಡಿಯಲ್ಲೇ ಇರಲಿ, ಏಸಿ ಓಡುತ್ತಿರಲಿ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105 ಮುಟ್ಟಿದರೆ ಹೊಟ್ಟೆ, ತೊಡೆಸಂದಿಗೆ ಮಾಮೂಲಿ ತಣ್ಣೀರು ಹಾಕುತ್ತ ಗಾಳಿ ಬೀಸುತ್ತ ಹತ್ತಿರದ ಪಶು ಆಸ್ಪತ್ರೆಗೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳನ್ನು ಬೇಸಿಗೆಯಲ್ಲಿ ಸಾಗಿಸದೆ ಇರುವುದೇ ಸರಿ.

ಊಟ ಹಿಂದಿನ ರಾತ್ರಿಯೇ, ಲಘುವಾಗಿ. ಕಾನೂನಿನಂತೆ ಹೊರಡುವ ಕನಿಷ್ಠ ಎರಡು ಗಂಟೆ ಮೊದಲು ಊಟ, ನೀರು ಆಗಿರಬೇಕು. ದಾರಿಯಲ್ಲಿ ಬೇಸಿಗೆಯಾದರೆ ನಾಲ್ಕು ಗಂಟೆಗೊಮ್ಮೆ ನೀರು. ನಾವು ಅದಕ್ಕಿಂತ ಬೇಗ ಕೊಡುತ್ತೇವೆ.

7. ಕೈ ಬದಲಿಸುವ ಹೊತ್ತೇ ಅಪಾಯದ ಹೊತ್ತು

ಅಮೆರಿಕದ ಪೈಲಟ್‌ಗಳು ದೂರದ ಪ್ರಯಾಣವನ್ನು ತುಂಡು ಮಾಡಿಕೊಳ್ಳುತ್ತಾರೆ. ಒಬ್ಬರು ಅರ್ಧ ದಾರಿಯ ಸಣ್ಣ ನಿಲ್ದಾಣದಲ್ಲಿಳಿದು ಇನ್ನೊಬ್ಬರ ವಿಮಾನಕ್ಕೆ ನಾಯಿಯನ್ನು ದಾಟಿಸುತ್ತಾರೆ. ನಾವೂ ಹಾಗೇ: ಮಲೆಬೆನ್ನೂರಿನವರು ಚಿತ್ರದುರ್ಗದ ತನಕ, ಅಲ್ಲಿಂದ ತುಮಕೂರಿನ ಕಡೆಯವರು. ಅಪಾಯ ಇರುವುದು ಈ ದಾಟಿಸುವ ಗಳಿಗೆಯಲ್ಲಿ. ಹೆದ್ದಾರಿಯ ಪಕ್ಕ ಬಾಗಿಲು ತೆರೆದು, ಅಪರಿಚಿತ ಕೈಗೆ ಹಗ್ಗ ಕೊಡುವಾಗ ಕುತ್ತಿಗೆಯ ಬೆಲ್ಟಿನಿಂದ ತಲೆ ಹಿಂದಕ್ಕೆ ಎಳೆದುಕೊಂಡರೆ ನಾಯಿ ನೇರ ಲಾರಿಗಳ ನಡುವೆ.

ಆದ್ದರಿಂದ ರಸ್ತೆ ಪಕ್ಕ ಯಾವತ್ತೂ ಬೇಡ. ಗೇಟ್ ಇರುವ ಅಂಗಳವೋ ಪರಿಚಯದವರ ಗೋದಾಮೋ ಇರಲಿ. ಎದೆಗೆ ಸುತ್ತುವ ಪಟ್ಟಿ ಒಂದು, ಕೊರಳ ಬೆಲ್ಟು ಒಂದು, ಎರಡಕ್ಕೂ ಬೇರೆ ಬೇರೆ ಹಗ್ಗ. ಹೊಸಬರ ಕೈಯಲ್ಲಿ ಹಗ್ಗ ಬಂದ ಮೇಲೆಯೇ ಹಳಬರು ಬಿಡಬೇಕು, ಅದನ್ನು ಬಾಯಲ್ಲಿ ಹೇಳಿಯೇ ಬಿಡಬೇಕು. ಸಾಧ್ಯವಿದ್ದರೆ ನಾಯಿಯನ್ನು ಇಳಿಸಲೇಬೇಡಿ, ಪಂಜರವನ್ನೇ ಎತ್ತಿ ಈ ಗಾಡಿಯಿಂದ ಆ ಗಾಡಿಗೆ ಇಡಿ.

8. ಮೊದಲು ನಿಮ್ಮ ತೋಳಿಗೆ ಲಸಿಕೆ

ಈ ಕೆಲಸ ಮಾಡುವವರು ಕಚ್ಚಿಸಿಕೊಳ್ಳುವ ಮೊದಲೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು: ಮೊದಲ ದಿನ, ಏಳನೇ ದಿನ, 21ನೇ ಅಥವಾ 28ನೇ ದಿನ. ಆಮೇಲೆ ಕಚ್ಚಿದರೂ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು, ಮತ್ತೆರಡು ಡೋಸ್ ಬೇಕು. ಲಸಿಕೆ ಆಗದವರಿಗೆ ನಾವು ಹಗ್ಗ ಕೊಡುವುದಿಲ್ಲ.

9. ದುಡ್ಡಿನ ಮಾತು ಮೊದಲೇ ಆಡಿಬಿಡಿ

ಅಮೆರಿಕದಲ್ಲಿ ಖಾಸಗಿ ಲೈಸೆನ್ಸಿನ ಪೈಲಟ್ ಬಾಡಿಗೆಗೆ ಹಾರುವಂತಿಲ್ಲ, ಅದು ಅಲ್ಲಿನ ಕಾನೂನು. ನಾವು ಅದನ್ನು ನಮ್ಮ ನಿಯಮ ಮಾಡಿಕೊಂಡಿದ್ದೇವೆ. ಡೀಸೆಲ್, ಟೋಲ್ ಓಡಿಸುವವರ ಲೆಕ್ಕ. ಚಿಕಿತ್ಸೆಗೆ ಯಾರಾದರೂ ಕೊಟ್ಟರೆ ರಸೀದಿ ಸಮೇತ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುತ್ತೇವೆ. ನಾಯಿ ಪಡೆಯುವವರಿಂದ ಒಂದು ರೂಪಾಯಿಯೂ ಇಲ್ಲ. ದುಡ್ಡು ಕೈ ಬದಲಾಯಿಸಿದ ದಿನ ಮರಿ ಮಾರುವವರು ನಮ್ಮ ಹೆಸರಿನಲ್ಲಿ ಅಂಗಡಿ ತೆರೆಯುತ್ತಾರೆ.

10. “ಇವತ್ತು ಬೇಡ” ಅನ್ನುವ ಹಕ್ಕು ಓಡಿಸುವವರದು

ಪೈಲಟ್‌ಗಳ ಶಿಸ್ತಿನಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ಮೋಡ ಕವಿದರೆ, ಗಾಳಿ ಎದ್ದರೆ ಹಾರಾಟ ಇಲ್ಲ. ನಾಯಿ ಕಾಯುತ್ತಿದೆ, ಹೊಸ ಮನೆಯವರು ರಜೆ ಹಾಕಿ ನಿಂತಿದ್ದಾರೆ ಅನ್ನುವ ಯಾವ ಮಾತೂ ಅಲ್ಲಿ ನಡೆಯುವುದಿಲ್ಲ. ನಮ್ಮಲ್ಲೂ ಹಾಗೇ. ರಾತ್ರಿ ನಿದ್ದೆಯಾಗಿಲ್ಲ, ಮಳೆ ಜೋರಿದೆ, ನಾಯಿ ಯಾಕೋ ಮಂಕಾಗಿದೆ, ಇಷ್ಟು ಸಾಕು. ಕಾರಣ ಬಿಡಿಸಿ ಹೇಳಬೇಕಿಲ್ಲ, ಯಾರೂ ಮುಖ ಸಣ್ಣದು ಮಾಡಬಾರದು.

11. ಸಾಕಿದವರಿಗೆ ಹೇಳದೆ ಒಯ್ಯಬೇಡಿ

ಬೀದಿ ನಾಯಿಗೂ ಒಬ್ಬರಿರುತ್ತಾರೆ. ಮಿಲ್ಲಿನಲ್ಲಿ ನುಚ್ಚು ಕೇರುವ ಅಜ್ಜಿಯೊಬ್ಬರು ಮೂರು ಕಾಲಿನ ಹೆಣ್ಣು ನಾಯಿಗೆ ದಿನಾ ತಮ್ಮ ಬುತ್ತಿಯಲ್ಲೇ ಪಾಲು ಕೊಡುತ್ತಿದ್ದರು. ಒಯ್ಯುವ ಮಾತೆತ್ತಿದಾಗ ಅವರು ಕೇಳಿದ್ದು ಒಂದೇ: “ಬೆಂಗಳೂರಾಗೆ ಅದಕ್ಕೆ ಮುದ್ದಿ ಹಾಕ್ತಾರೇನಪ್ಪಾ? ಅದು ಬರೀ ಅನ್ನ ಉಣ್ಣಂಗಿಲ್ಲ.” ಹೊಸ ಮನೆಯವರಿಗೆ ಅದನ್ನು ಹೇಳಿದೆವು, ಅವರು ಮುದ್ದೆ ಮಾಡುವುದು ಕಲಿತರು. ವೈದ್ಯರ ಚೀಟಿಯಲ್ಲಿ ಇಲ್ಲದ ಸಂಗತಿಗಳು ಇಂಥವರಲ್ಲಿ ಇರುತ್ತವೆ: ಯಾವ ಹೆಸರಿಗೆ ತಿರುಗುತ್ತದೆ, ಪಟಾಕಿಗೆ ಎಲ್ಲಿ ಅಡಗುತ್ತದೆ, ಯಾರ ಕೋಲು ಕಂಡರೆ ಹೆದರುತ್ತದೆ. ಎಲ್ಲ ಬರೆದುಕೊಂಡು ಒಂದು ಹಾಳೆಯಲ್ಲಿ ಹೊಸ ಮನೆಗೆ ಕೊಡಿ. ಅಜ್ಜಿಗೆ ಫೋನ್ ಇಲ್ಲದಿದ್ದರೂ ಫೋಟೋ ಒಯ್ದು ತೋರಿಸುವುದು ನಮ್ಮ ಕೆಲಸವೇ.

12. ಮುಟ್ಟಿಸಿದ ಮೇಲಿನ ಕೆಲಸ

ಮೊದಲ ಮೂರು ದಿನ ನಾಯಿ ತಿನ್ನದಿರಬಹುದು, ಮಂಚದ ಕೆಳಗಿಂದ ಬರದಿರಬಹುದು. ನೆಂಟರನ್ನು ಕರೆದು ತೋರಿಸಬೇಡಿ, ಸ್ನಾನ ಮಾಡಿಸಬೇಡಿ, ತಬ್ಬಿಕೊಳ್ಳಬೇಡಿ ಅಂತ ಮುಂಚೆಯೇ ಹೇಳುತ್ತೇವೆ. ಹೊಸ ಜಾಗದಿಂದ ನಾಯಿಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ವಾರದಲ್ಲಿ. ಬಾಗಿಲಲ್ಲಿ ಎರಡನೇ ತಡೆ ಇರಲಿ, ಹೊರಗೆ ಹೋದಾಗ ಎರಡು ಹಗ್ಗ ಇರಲಿ. ಮೊದಲ ವಾರ ದಿನಾ, ಆಮೇಲೆ ವಾರಕ್ಕೊಮ್ಮೆ, ಮೂರು ತಿಂಗಳ ತನಕ ಫೋನ್ ಮಾಡುತ್ತೇವೆ. ಮರಿಯಾಗಿ ಹೋದದ್ದಕ್ಕೆ ವಯಸ್ಸಿಗೆ ಬಂದಾಗ ಆಪರೇಷನ್ ಆಯಿತೇ ಅಂತ ಕೇಳುವುದನ್ನು ಮಾತ್ರ ವರ್ಷವಾದರೂ ಬಿಡುವುದಿಲ್ಲ.

ದತ್ತು ಪತ್ರದ ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ: ಯಾವ ಕಾರಣಕ್ಕೆ ಇಟ್ಟುಕೊಳ್ಳಲಾಗದಿದ್ದರೂ ಬೇರೆಯವರಿಗೆ ಕೊಡದೆ, ಬೀದಿಗೆ ಬಿಡದೆ ನಮಗೇ ತಿಳಿಸಬೇಕು. ಐದು ವರ್ಷದ ಮೇಲಾದರೂ ಸರಿ, ನಡುರಾತ್ರಿಯಾದರೂ ಸರಿ. ಹೀಗೆ ವಾಪಸ್ ಬಂದ ನಾಯಿಗಳಿವೆ. ಕೊಟ್ಟವರನ್ನು ಬೈಯುವುದಿಲ್ಲ. ಬೈದರೆ ಮುಂದಿನವರು ಹೇಳದೆ ಬಿಟ್ಟುಬಿಡುತ್ತಾರೆ. ಬೆಂಗಳೂರಿಗೆ ನಾಯಿ ಇಳಿಸಿ ಖಾಲಿ ಬರುವ ಗಾಡಿಯಲ್ಲೇ ಅವು ಮಲೆಬೆನ್ನೂರಿಗೆ ಬರುತ್ತವೆ. ಆದ್ದರಿಂದ ಎರಡು ವಾರ ಇಟ್ಟುಕೊಳ್ಳುವ ಮನೆಗಳ ಪಟ್ಟಿಯಲ್ಲಿ ಒಂದು ಹಿತ್ತಲನ್ನಾದರೂ ಯಾವಾಗಲೂ ಖಾಲಿ ಇಟ್ಟಿರುತ್ತೇವೆ, ಎಷ್ಟೇ ನಾಯಿಗಳು ಸರದಿಯಲ್ಲಿ ಕಾಯುತ್ತಿದ್ದರೂ.